‘ಪವಿತ್ರ ಸ್ಥಳ’ವೋ ‘ದೇವರ ಜಾಗ’ವೋ? ಕಾನು, ಪಳ್ಳಿ, ಹರಮ್ ಸುತ್ತ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಕಾರವಾರದಲ್ಲಿ ಶಾಲಾ ಮಕ್ಕಳಿಗಾಗಿ ಒಂದು ಚಿತ್ರ ಪ್ರದರ್ಶನ ಸಿದ್ಧವಾಗುತ್ತಿದೆ. ಬೇರೆ ಬೇರೆ ದೇಶಗಳ, ಧರ್ಮಗಳ ಜನರು ತಲೆಬಾಗುವ ಜಾಗಗಳ ಚಿತ್ರಗಳು. ಅವುಗಳ ಕೆಳಗೆ ಹಾಕುವ ಕನ್ನಡ ಬರಹ ನನ್ನ ಪಾಲಿಗೆ ಬಂದಿದೆ. ಒಂದೊಂದು ಚಿತ್ರದ ವಿವರಣೆಯನ್ನೂ ಬರೆದು ಮುಗಿಸಿದ್ದೇನೆ. ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಬರಬೇಕಾದ ಶೀರ್ಷಿಕೆ ಮಾತ್ರ ಹದಿನೈದು ದಿನಗಳಿಂದ ಒಲಿಯುತ್ತಿಲ್ಲ. ‘ಪವಿತ್ರ ಸ್ಥಳಗಳು’ ಎಂದು ಬರೆದೆ, ಹೊಡೆದುಹಾಕಿದೆ. ‘ಪುಣ್ಯಕ್ಷೇತ್ರಗಳು’ ಎಂದರೆ ಗೋಕರ್ಣ, ಇಡಗುಂಜಿಗಳ ಪ್ರವಾಸದ ಬಸ್ಸು ಕಣ್ಣಮುಂದೆ ಬರುತ್ತದೆ. ಭಟ್ಕಳದ ಮಸೀದಿಯನ್ನೂ ಕಾರವಾರದ ಇಗರ್ಜಿಯನ್ನೂ ಆ ಪದದೊಳಗೆ ಕೂರಿಸಲು ನನಗೆ ಆಗಲಿಲ್ಲ.

ತೊಡಕು ನಿಜವಾಗಿ ಶುರುವಾದದ್ದು ಸಿದ್ದಾಪುರದ ಕಡೆಯ ನಮ್ಮ ದೊಡ್ಡಪ್ಪನ ಮನೆಯಲ್ಲಿ. ತೋಟದ ಮೇಲ್ಭಾಗದಲ್ಲಿ ಅವರ ಊರಿನ ಕಾನು, ಎಂದರೆ ದಟ್ಟ ಹಸಿರು ಕಾಡು, ಇದೆ. ಅದರ ಚಿತ್ರವನ್ನೂ ಪ್ರದರ್ಶನಕ್ಕೆ ಸೇರಿಸಿ, ಕೆಳಗೆ ‘ಒಂದು ಪವಿತ್ರ ವನ’ ಎಂದು ಬರೆದು ಅವರಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಪವಿತ್ರ ಎಂದರೆ ಬೆರಳಿಗೆ ಹಾಕಿಕೊಳ್ಳುವ ದರ್ಭೆಯದ್ದಲ್ಲವೇ ತಮ್ಮಾ? ಕಾನಿಗೆ ಯಾರು ಹಾಗೆ ಹೇಳುತ್ತಾರೆ? ಅದು ಚೌಡಿಯದ್ದು” ಎಂದರು. ಚೌಡಿ ನಮ್ಮ ಕಡೆಯ ಗ್ರಾಮದೇವತೆ.

ಅವರು ಹೇಳಿದ್ದು ಪದದ ಇತಿಹಾಸಕ್ಕೂ ಒಪ್ಪುತ್ತದೆ. ‘ಪೂ’ ಎಂಬ ಸಂಸ್ಕೃತ ಧಾತುವಿಗೆ ಶುದ್ಧಗೊಳಿಸು ಎಂದು ಅರ್ಥ. ವೇದದಲ್ಲಿ ‘ಪವಿತ್ರ’ವೆಂದರೆ ಸೋಮರಸವನ್ನು ಸೋಸುವ ಸಾಧನ. ಪೌರೋಹಿತ್ಯದ ಮನೆಗಳಲ್ಲಿ ಇವತ್ತಿಗೂ ಅದು ಮೊದಲು ದರ್ಭೆಯ ಉಂಗುರ, ಆಮೇಲೆ ಉಳಿದದ್ದೆಲ್ಲ. ಹೀಗೆ ಪದದ ಹೊಟ್ಟೆಯಲ್ಲಿರುವುದು ಸೋಸುವುದು, ಕೊಳೆ ಕಳೆಯುವುದು. ಆದರೆ ಕಾನಿನಲ್ಲಿ ಕೊಳೆತ ಎಲೆ, ಜಿಗಣೆ, ರಾಮಪತ್ರೆ ಮರಗಳು ಬೆಳೆಯುವ ಕೆಸರಿನ ಜೌಗು (ಜಡ್ಡಿ) ಎಲ್ಲವೂ ಇವೆ. ಅಲ್ಲಿ ಸೋಸಿದ್ದು ಯಾವುದೂ ಇಲ್ಲ. ಆದರೂ ಅದರೊಳಗೆ ಕತ್ತಿ ಹಿಡಿದು ಹೋಗಲು ಯಾರಿಗೂ ಧೈರ್ಯವಿಲ್ಲ.

ಇದಾದ ಮೇಲೆ ನಮ್ಮ ಕಡೆಯವರ ಮಾತನ್ನು ಗಮನವಿಟ್ಟು ಕೇಳಲು ತೊಡಗಿದೆ. ಇಂಥ ಜಾಗಕ್ಕೆ ಅವರು ಗುಣವಾಚಕ ಬಳಸುವುದೇ ಇಲ್ಲ. ಬಳಸುವುದು ಷಷ್ಠೀ ವಿಭಕ್ತಿ: ದೇವರ ಕಾಡು, ಚೌಡಿಯ ಬನ, ಜಟಕನ ಕಟ್ಟೆ, ನಾಗನ ಕಲ್ಲು. ಇಲ್ಲವಾದರೆ ಕ್ರಿಯಾಪದ: “ಅಲ್ಲಿ ಭೂತಪ್ಪ ಇದ್ದಾನೆ.” ಜಾಗ ಹೇಗಿದೆ ಎಂಬ ಮಾತೇ ಬರುವುದಿಲ್ಲ, ಯಾರದ್ದು, ಅಲ್ಲಿ ಯಾರಿದ್ದಾರೆ ಎಂಬುದಷ್ಟೇ ಬರುತ್ತದೆ. ನನಗೆ ಇದು ಸಣ್ಣ ವ್ಯತ್ಯಾಸವಾಗಿ ಕಾಣುವುದಿಲ್ಲ. ‘ಪವಿತ್ರ’ ಎಂದಾಗ ಜಾಗಕ್ಕೆ ನಾವು ಒಂದು ಗುಣವನ್ನು ಕೊಟ್ಟಂತಾಯಿತು. ‘ಚೌಡಿಯದ್ದು’ ಎಂದಾಗ ಅದು ನಮ್ಮದಲ್ಲ ಎಂದು ಒಪ್ಪಿಕೊಂಡಂತಾಯಿತು.

1801ರಲ್ಲಿ ಕಾರವಾರದ ಸೀಮೆಯಲ್ಲಿ ಸಂಚರಿಸಿದ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಬರೆದಿಟ್ಟದ್ದೂ ಇದನ್ನೇ. ಇಲ್ಲಿನ ಕಾಡುಗಳು ಆಯಾ ಊರಿನ ದೇವರ ಆಸ್ತಿ; ಊರಗೌಡನೇ ಪೂಜಾರಿಯೂ ಹೌದು; ಅವನ ಮೂಲಕ ಅಪ್ಪಣೆ ಪಡೆಯದೆ ಮರ ಕಡಿದರೆ ದೇವರ ಕೋಪ ತಟ್ಟುತ್ತದೆ ಎಂದು ಜನ ನಂಬುತ್ತಾರೆ, ಅಪ್ಪಣೆಗಾಗಿ ದೇವರಿಗೆ ಏನನ್ನೂ ಕೊಡಬೇಕಾಗಿಲ್ಲ ಎಂದು ಆತ ದಾಖಲಿಸಿದ್ದಾನೆ. ಸರಕಾರ ಕಾಡನ್ನು ತನ್ನದೆನ್ನದಂತೆ ತಡೆಯಲು ಜನ ಹೂಡಿದ ಉಪಾಯ ಇದು ಎಂಬುದು ಅವನ ಗುಮಾನಿ. ಗುಮಾನಿ ಅವನದ್ದು, ಆದರೆ ವ್ಯಾಕರಣ ನಮ್ಮದು. ಇನ್ನೂರು ವರ್ಷಗಳ ಹಿಂದೆ ಅವನ ಕಿವಿಗೂ ಬಿದ್ದದ್ದು ಷಷ್ಠಿಯೇ.

ಇನ್ನು ‘ಕಾನು’. ಘಟ್ಟದ ಮೇಲೆ ಕಾಡಿಗೆಲ್ಲ ಕಾನು ಎನ್ನುವುದಿಲ್ಲ. ತೋಟಕ್ಕೆ ಸೊಪ್ಪು ತರುವ ಕಾಡಿಗೆ ‘ಬೆಟ್ಟ’ ಎನ್ನುತ್ತಾರೆ. ಕಾನು ಎಂದರೆ ವರ್ಷವಿಡೀ ಹಸಿರಾಗಿ, ಬಿಸಿಲು ನೆಲಕ್ಕಿಳಿಯದ, ಹಳ್ಳದ ಮೂಲ ಇರುವ ದಟ್ಟ ಕಾಡು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಹೆಸರೇ ಅದನ್ನು ಹೇಳುತ್ತದೆ. ಹೊನ್ನಾವರದ ಕರಿಕಾನಮ್ಮನನ್ನು ನೋಡಿ: ಕರಿ, ಕಾನು, ಅಮ್ಮ. ಕಾಡಿನ ಹೆಸರನ್ನೇ ದೇವಿ ಹೊತ್ತಿದ್ದಾಳೆ. ಇಂದು ಅವಳು ಪರಮೇಶ್ವರಿ, ಗುಡಿ ಇದೆ, ಮೆಟ್ಟಿಲುಗಳಿವೆ. ಆದರೂ ಊರವರ ಬಾಯಲ್ಲಿ ಕರಿಕಾನಮ್ಮನೇ. ತಮಿಳಿನಲ್ಲಿ ಕಾನ್, ಕಾನಂ, ಕಾ ಎಂಬ ರೂಪಗಳು ಕಾಡು, ತೋಪು ಎಂಬ ಅರ್ಥದಲ್ಲಿವೆ. ಮಲಯಾಳದಲ್ಲಿ ‘ಕಾವು’ ಎಂದರೆ ದೇವರ ಬನವೇ. ‘ಕಾಯು’ ಎಂಬ ಕ್ರಿಯಾಪದಕ್ಕೂ ಇದಕ್ಕೂ ನಂಟು ಕಲ್ಪಿಸಲು ಮನಸ್ಸು ಎಳೆಯುತ್ತದೆ. ದನಿ ಹೊಂದಿದ ಮಾತ್ರಕ್ಕೆ ಬೇರು ಒಂದೆನ್ನಲು ನಾನು ಸಿದ್ಧನಿಲ್ಲ; ಬಲ್ಲವರು ತಿಳಿಸಬೇಕು. ಕಾರವಾರದ ಕೊಂಕಣಿಯಲ್ಲಿ ಕಾಡಿಗೆ ‘ರಾನ’, ಅದು ಅರಣ್ಯದಿಂದ ಬಂದದ್ದು. ಮರಾಠಿಯ ‘ದೇವರಾಯಿ’ಯಲ್ಲಿಯೂ ಇರುವುದು ದೇವರ ಒಡೆತನವೇ.

ಕಟ್ಟಡಗಳ ಹೆಸರುಗಳು ಬೇರೆಯದೇ ದಾರಿ ಹಿಡಿಯುತ್ತವೆ. ದೇಗುಲವು ‘ದೇವಕುಲ’ದ ತದ್ಭವ, ಬಸದಿ ‘ವಸತಿ’ಯ ತದ್ಭವ, ಎರಡೂ ಮನೆಯೇ. ಮಸೀದಿ ಅರಬ್ಬಿಯಲ್ಲಿ ಹಣೆ ನೆಲಕ್ಕೆ ಮುಟ್ಟಿಸುವ ಜಾಗ. ಇಗರ್ಜಿ ಪೋರ್ಚುಗೀಸರಿಂದ ಬಂದದ್ದು, ಅದರ ಹಿಂದಿನ ಗ್ರೀಕ್ ಪದಕ್ಕೆ ಸಭೆ ಎಂದು ಅರ್ಥ.

ಇವುಗಳಲ್ಲಿ ನನ್ನ ನಿದ್ದೆ ಕೆಡಿಸಿದ ಪದ ‘ಪಳ್ಳಿ’. ಭಟ್ಕಳದ ಹಳೆಯ ಜಾಮಿಯಾ ಮಸೀದಿಯನ್ನು ಜನ ಚಿನ್ನದ ಪಳ್ಳಿ ಎನ್ನುತ್ತಾರೆ. ಮಲಯಾಳದಲ್ಲಿ ಚರ್ಚ್ ಕೂಡ ಪಳ್ಳಿ, ಮಸೀದಿ ಕೂಡ ಪಳ್ಳಿ. ಹಳೆಯ ತಮಿಳಿನಲ್ಲಿ ಜೈನ, ಬೌದ್ಧ ಮುನಿಗಳ ನೆಲೆಯೂ ಪಳ್ಳಿಯೇ. ಶಾಲೆಗೆ ‘ಪಳ್ಳಿಕ್ಕೂಡಂ’ ಎಂಬ ಹೆಸರಿನಲ್ಲಿಯೂ ಅದೇ ಪದವಿದೆ. ಪಾಲು ಹಾಲಾದಂತೆ, ಪೂ ಹೂವಾದಂತೆ, ಕನ್ನಡದಲ್ಲಿ ಪಳ್ಳಿ ಹಳ್ಳಿಯಾಯಿತು. ಅಂದರೆ ನಾವು ದಿನವೂ ಬರೆಯುವ ‘ಹಳ್ಳಿ’ಯೂ ಭಟ್ಕಳದ ‘ಪಳ್ಳಿ’ಯೂ ಒಡಹುಟ್ಟಿದವು. ‘ಪ’ಕಾರ ಉಳಿಸಿಕೊಂಡ ಈ ರೂಪ ತೆಂಕಣ ಕರಾವಳಿಯಿಂದ ಹಡಗಿನ ವ್ಯಾಪಾರದ ಜೊತೆ ಬಂದಿರಬೇಕೆಂಬುದು ನನ್ನ ಊಹೆ. ಜೈನ, ಬೌದ್ಧ, ಕ್ರೈಸ್ತ, ಮುಸ್ಲಿಂ ನಾಲ್ಕೂ ಧರ್ಮಗಳಿಗೆ ನೆಲೆ ಕೊಟ್ಟ ದ್ರಾವಿಡ ಪದವೊಂದು ನಮ್ಮ ಜಿಲ್ಲೆಯಲ್ಲಿಯೇ ಬದುಕಿರುವುದು ನನಗೆ ಬಹಳ ದೊಡ್ಡ ಸಂಗತಿ.

ಭಟ್ಕಳದ ಒಬ್ಬ ಶಿಕ್ಷಕ ಮಿತ್ರರಿಗೆ ಮೆಕ್ಕಾದ ಚಿತ್ರದ ಬರಹವನ್ನು ಕಳಿಸಿದ್ದೆ. ಅವರು ‘ಪವಿತ್ರ ನಗರ’ ಎಂಬುದನ್ನು ಹಾಗೆಯೇ ಬಿಟ್ಟು, ಪಕ್ಕದಲ್ಲಿ ‘ಹರಮ್’ ಎಂದು ಬರೆದು ಮರಳಿಸಿದರು. ಕನ್ನಡದಲ್ಲಿ ಬೈಗುಳಕ್ಕಿಳಿದ ‘ಹರಾಮು’ ಕೂಡ ಅದೇ ಧಾತುವಿನದ್ದು. ಮೂಲ ಅರ್ಥ ನಿಷಿದ್ಧ, ಮುಟ್ಟಬಾರದ್ದು. ಮೆಕ್ಕಾದ ಸುತ್ತಲಿನ ಹರಮ್ ಎಲ್ಲೆಯೊಳಗೆ ಬೇಟೆಯಾಡುವಂತಿಲ್ಲ, ತಾನಾಗಿ ಹುಟ್ಟಿದ ಗಿಡಮರ ಕಡಿಯುವಂತಿಲ್ಲ ಎಂದು ಅವರು ವಿವರಿಸಿದಾಗ ನನಗೆ ದೊಡ್ಡಪ್ಪನ ಕಾನು ನೆನಪಾಯಿತು. ಮರಳುಗಾಡಿನ ಊರಿಗೂ ಮಳೆಕಾಡಿಗೂ ಒಂದೇ ಕಟ್ಟಳೆ. ಗ್ರೀಕರ ‘ತೆಮೆನೊಸ್’ ಕೂಡ ‘ಕತ್ತರಿಸು’ ಎಂಬ ಧಾತುವಿನಿಂದ ಬಂದದ್ದು: ಊರಿನ ನೆಲದಿಂದ ಕತ್ತರಿಸಿ ದೇವರಿಗೆ ಬಿಟ್ಟ ತುಂಡು.

ಫಿನ್‌ಲ್ಯಾಂಡಿನ ಕತೆ ಇನ್ನೂ ಕಾಡುತ್ತದೆ. ‘ಹೀಸಿ’ ಎಂದರೆ ಅಲ್ಲಿ ಒಂದು ಕಾಲಕ್ಕೆ ದೇವರ ಬನ. ಕ್ರೈಸ್ತ ಧರ್ಮ ಬಂದ ಮೇಲೆ ಅದೇ ಪದ ದುಷ್ಟ ಭೂತವಾಯಿತು, ಶಾಪದ ಮಾತಾಯಿತು. ಪಕ್ಕದ ಎಸ್ಟೋನಿಯಾದಲ್ಲಿ ‘ಹೀಸ್’ ಇನ್ನೂ ದೇವರ ಬನವೇ. ನಮ್ಮಲ್ಲಿ ‘ಮಾರಿ’ ಎಂಬ ಪದವನ್ನು ನೋಡಿ. ಪತ್ರಿಕೆಗಳಲ್ಲಿ ಅದು ರೋಗ, ಪಿಡುಗು. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ತೇರೇರಿ ಬರುವ ತಾಯಿ. ಲ್ಯಾಟಿನ್ನಿನ ‘ಸಾಕೆರ್’ ದೇವರಿಗೆ ಮೀಸಲಾದದ್ದಕ್ಕೂ ಶಾಪಗ್ರಸ್ತನಾದವನಿಗೂ ಒಂದೇ. ಭಯವೂ ಭಕ್ತಿಯೂ ಕೂಡಿರುವ ಇಂಥ ಪದಗಳ ಪಕ್ಕದಲ್ಲಿಟ್ಟಾಗ ‘ಪವಿತ್ರ’ ಬರೀ ತೊಳೆದಿಟ್ಟ ಪದವಾಗಿ ನನಗೆ ಕಾಣುತ್ತದೆ.

ಆದ್ದರಿಂದ ಶೀರ್ಷಿಕೆಗೆ ‘ದೇವರ ಜಾಗಗಳು’ ಎಂದು ಬರೆಯಬೇಕೆಂದಿದ್ದೇನೆ. ಒಂದು ಅಡ್ಡಿ ಉಳಿದಿದೆ. ಆಸ್ಟ್ರೇಲಿಯಾದ ಉಲೂರು ಬಂಡೆಯ ಚಿತ್ರವೂ ನಮ್ಮಲ್ಲಿದೆ. ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರ ಬೇಡಿಕೆಯಂತೆ 2019ರ ಅಕ್ಟೋಬರ್‌ನಿಂದ ಅದನ್ನು ಹತ್ತುವುದು ನಿಷೇಧ. ಆ ಬಂಡೆ ಅವರಿಗೆ ಪೂರ್ವಜರ ಕಥೆ, ಕಟ್ಟಳೆ, ನೆಲ ಎಲ್ಲವೂ ಹೌದು. ಅದನ್ನು ನಮ್ಮ ಅರ್ಥದ ‘ದೇವರ’ ಖಾತೆಗೆ ಬರೆದುಬಿಡುವುದು ನ್ಯಾಯವೇ?

ನಿಮ್ಮಿಂದ ತಿಳಿಯಬೇಕಾದದ್ದು ಇಷ್ಟು. ನಿಮ್ಮ ಸೀಮೆಯಲ್ಲಿ ‘ಕಾನು’ ಎಂದಷ್ಟೇ ಹೇಳಿದರೆ ದೇವರ ಕಾಡು ಎಂಬ ಅರ್ಥ ಬರುತ್ತದೆಯೇ, ಅಥವಾ ‘ದೇವರ’ ಎಂದು ಸೇರಿಸಲೇಬೇಕೇ? ಭಟ್ಕಳದಿಂದ ಬಡಗಣಕ್ಕೆ, ಹೊನ್ನಾವರ, ಕುಮಟಾ, ಅಂಕೋಲೆಗಳಲ್ಲಿ ಮಸೀದಿಗೆ ‘ಪಳ್ಳಿ’ ಎನ್ನುವವರನ್ನು ಕೇಳಿದ್ದೀರಾ? ದೇವರಿಗೋ ಹಿರಿಯರಿಗೋ ಮೀಸಲಾಗಿ ಬಿಟ್ಟ ಜಾಗಕ್ಕೆ, ‘ದೇವರು’ ಎಂಬ ಪದ ಬರದ ಹಾಗೆ, ಹಾಲಕ್ಕಿ ಒಕ್ಕಲಿಗರ, ಗೊಂಡರ, ಕುಣಬಿಗಳ ಮಾತಿನಲ್ಲಿ ಏನಾದರೂ ಹೆಸರಿದೆಯೇ? ಕೇಳಿದ ಊರನ್ನೂ ಯಾರ ಬಾಯಲ್ಲಿ ಕೇಳಿದಿರಿ ಎಂಬುದನ್ನೂ ದಯವಿಟ್ಟು ಬರೆಯಿರಿ. ಫಲಕ ಬರೆಯುವವರು ಮುಂದಿನ ವಾರ ಬರುತ್ತಾರೆ. ಅಲ್ಲಿಯವರೆಗೆ ಬಾಗಿಲ ಮೇಲಿನ ಹಲಗೆಯನ್ನು ಖಾಲಿ ಬಿಡಿಸಿದ್ದೇನೆ.