ಕೊಕ್ಕೋ ಕಾಯಿ ಕಪ್ಪಾಗ್ತಿದೆ, ಬೋರ್ಡೋ ಒಂದೇ ಸಾಕಾ?

ನಮಸ್ಕಾರ ಎಲ್ಲರಿಗೂ. ಸುಳ್ಯದ ಕಡೆ ನಮ್ಮ ಅಡಿಕೆ ತೋಟದ ನಡುವೆ ಕೊಕ್ಕೋ ಇದೆ. ಮಳೆ ಜೋರಾದ ಮೇಲೆ ಕಾಯಿಗಳಿಗೆ ಕಪ್ಪು ಕಾಯಿ ರೋಗ ಹಿಡಿದಿದೆ. ತೊಟ್ಟಿನ ಹತ್ತಿರವೋ ತುದಿಯಲ್ಲೋ ಕಂದು ಚುಕ್ಕೆ ಕಾಣುತ್ತದೆ. ನೋಡ್ತಾ ನೋಡ್ತಾ ಇಡೀ ಕಾಯಿಗೆ ಹರಡಿ, ಮೇಲೆ ಬಿಳಿ ಬೂಸ್ಟು ಬರುತ್ತದೆ. ಒಡೆದರೆ ಒಳಗಿನ ಬೀಜವೂ ಕಂದು.

ಅಡಿಕೆಯ ಕೊಳೆರೋಗ, ಇದು ಎರಡೂ ಬರುವುದು ಫೈಟೋಫ್ತೊರಾ ಎಂಬ ಶಿಲೀಂಧ್ರದಂಥ ರೋಗಾಣುವಿನ ಜಾತಿಗಳಿಂದಲೇ ಅಲ್ವಾ? ಅದಕ್ಕೇ ಮಳೆಗೆ ಮುಂಚೆ ಅಡಿಕೆಗೆ ಹೊಡೆದ ಶೇ. 1ರ ಬೋರ್ಡೋ ದ್ರಾವಣವನ್ನೇ ಕೊಕ್ಕೋಗೂ ಹೊಡೆಸಿದ್ದೆವು. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ. ಕಬ್ಬಿಣದ ಕತ್ತಿ ಅದ್ದಿಯೂ ನೋಡಿದ್ದೇವೆ, ತಾಮ್ರ ಹೆಚ್ಚಾಗಿದ್ದರೆ ಹತ್ತುವ ಕೆಂಪು ಹತ್ತಲಿಲ್ಲ. ಹಾಗಾಗಿ ದ್ರಾವಣದಲ್ಲಿ ತಪ್ಪಿಲ್ಲ ಅಂತ ನನ್ನ ಲೆಕ್ಕ.

ಈಗ ಎರಡನೇ ಸಲ ಹೊಡೆಯಬೇಕು. ಕೊಕ್ಕೋ ಹೂ ಬಿಡುವುದೇ ಕಾಂಡದ ಮೇಲೆ. ಅಲ್ಲಿಗೆ ತಾಮ್ರ ಬಿದ್ದರೆ ಹೂವಿಗೆ, ಪರಾಗಸ್ಪರ್ಶ ಮಾಡುವ ಸಣ್ಣ ನೊಣಗಳಿಗೆ ತೊಂದರೆಯಾಗುತ್ತದಾ? ಅಂಗಡಿಯವರು ಮೆಟಲಾಕ್ಸಿಲ್–ಮ್ಯಾಂಕೋಜೆಬ್ ಅನ್ನುವ ಶಿಲೀಂಧ್ರನಾಶಕ ಹೊಡೆಯಿರಿ ಅಂತಾರೆ. ಕೊಯ್ಲು ಹತ್ತಿರ ಇರುವಾಗ ಅದು ಬೇಡ ಅಂತ ನನ್ನ ಅನಿಸಿಕೆ, ಬೀಜದಲ್ಲಿ ಅಂಶ ಉಳಿದರೆ ಕಷ್ಟ. ಯಾರಾದರೂ ಬಳಸಿದ್ದೀರಾ? ಕೊಯ್ಲಿಗೆ ಎಷ್ಟು ದಿನ ಬಿಟ್ಟಿರಿ?

ಇನ್ನೊಂದು, ಮಿಡಿಗಳೂ ಕಪ್ಪಾಗಿ ಒಣಗಿ ಮರದಲ್ಲೇ ನಿಂತಿವೆ. ಅವು ರೋಗದ್ದಾ, ಅಥವಾ ಮರ ತಾನಾಗೇ ಒಣಗಿಸಿದ್ದಾ? ಎರಡನೆಯದಾದರೆ ಔಷಧಿ ಸುಮ್ನೆ ದಂಡ. ಗುರುತಿಸುವುದು ಹೇಗೆ?

ರೋಗ ಹಿಡಿದ ಕಾಯಿಗಳನ್ನು ಕಿತ್ತು ತೋಟದಿಂದ ಹೊರಗೆ ಹಾಕ್ತಿದ್ದೇವೆ. ನೆರಳು ಜಾಸ್ತಿ ಇದೆ. ಮಳೆಯಲ್ಲೇ ಗೆಲ್ಲು ಸವರಬಹುದಾ, ಬಿಸಿಲಿಗೆ ಕಾಯಬೇಕಾ? ಅನುಭವ ಇದ್ದವರು ಹೇಳಿ.