ಎಲಿಸ್ ರೆಜಿನಾ, ಟಾಮ್ ಜೊಬಿಂ ಆಲ್ಬಂ ಪೂರ್ತಿ ಕೇಳಬೇಕಾ?

ತಂಬೂರಿ:
ಬ್ರೆಜಿಲ್ ಗಾಯಕಿ ಎಲಿಸ್ ರೆಜಿನಾ, ಅಲ್ಲಿನದೇ ಸಂಗೀತ ಸಂಯೋಜಕ ಟಾಮ್ ಜೊಬಿಂ ಜೊತೆ ಹಾಡಿದ ಆಲ್ಬಂ ‘ಎಲಿಸ್ & ಟಾಮ್’ ಸಿಕ್ಕಿತು. ಮೊದಲ ಹಾಡು ‘ಆಗ್ವಸ್ ಜಿ ಮಾರ್ಸು’ ಒಂದನ್ನೇ ವಾರದಿಂದ ಹಾಕಿಕೊಂಡು ಕೇಳುತ್ತಿದ್ದೇನೆ. ಪೋರ್ಚುಗೀಸ್ ಒಂದಕ್ಷರ ಬರುವುದಿಲ್ಲ. ಹೆಸರಿನ ಅರ್ಥ ‘ಮಾರ್ಚ್ ತಿಂಗಳ ನೀರು’ ಅಂತೆ. ಮಾರ್ಚ್‌ನಲ್ಲಿ ಎಲ್ಲಿಯ ನೀರು? ನಮ್ಮೂರಲ್ಲಿ ಆಗ ಬಾವಿಯ ತಳ ಕಾಣುತ್ತಿರುತ್ತದೆ. ಇನ್ನೊಂದು ವಿಷಯ, ಎರಡನೇ ಹಾಡಿನಿಂದ ಆಲ್ಬಂ ಯಾಕೋ ಮಂಕಾಗುತ್ತದೆ, ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ನಿಲ್ಲಿಸಿಬಿಡುತ್ತೇನೆ. ಮುಂದೆ ಕೇಳಲಾ?

ಹಳೇರೇಡಿಯೊ:
ಅಲ್ಲಿ ಮಾರ್ಚ್ ಅಂದ್ರೆ ಬೇಸಿಗೆ ಮುಗಿಯುವ ಹೊತ್ತು, ರಿಯೊ ಕಡೆ ಜೋರು ಮಳೆ ಬರುತ್ತದೆ. ಜೊಬಿಂ ಇದನ್ನು 1972ರಲ್ಲಿ ಬರೆದರು. ಹಾಡಿನಲ್ಲಿ ಕಥೆ ಅಂತ ಏನೂ ಇಲ್ಲ. ಕೋಲು, ಕಲ್ಲು, ಗಾಜಿನ ಚೂರು, ಕಪ್ಪೆ, ಮೀನು, ಕೆಸರು, ಮನೆ ಕಟ್ಟಲು ಬಂದ ಇಟ್ಟಿಗೆ, ಹೀಗೆ ಮಳೆನೀರಿನ ಜೊತೆ ಹರಿದು ಬಂದ ಹಾಗೆ ಒಂದರ ಹಿಂದೆ ಒಂದು ಹೆಸರು ಬರುತ್ತಾ ಹೋಗುತ್ತವೆ. ಅದೇ ವರ್ಷ ಎಲಿಸ್ ಒಬ್ಬರೇ ಹಾಡಿದ್ದೂ ಇದೆ, ಅದನ್ನೂ ಕೇಳಿ. ಚೆನ್ನಾಗಿದೆ, ಆದರೆ ಇಲ್ಲಿ ಕೊನೆಗೆ ಇಬ್ಬರೂ ತಡೆಯಲಾರದೆ ನಗುತ್ತಾರಲ್ಲ, ಆ ಖುಷಿ ಅದರಲ್ಲಿಲ್ಲ.

ಕಾಫಿತೋಟ:
ಆ ನಗು ಸುಲಭಕ್ಕೆ ಬಂದದ್ದಲ್ಲ. ಎಲಿಸ್ ತಮ್ಮ ಹಾಡುಗಳನ್ನು ಹೊರತರುತ್ತಿದ್ದ ರೆಕಾರ್ಡ್ ಕಂಪನಿಯಲ್ಲಿ ಹತ್ತು ವರ್ಷ ಮುಗಿಸಿದ್ದಕ್ಕೆ ಉಡುಗೊರೆಯಾಗಿ ಈ ಆಲ್ಬಂ ಸಿಕ್ಕಿತ್ತು. 1974ರ ಫೆಬ್ರವರಿ ಕೊನೆಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ರೆಕಾರ್ಡಿಂಗ್ ಶುರುವಾಯಿತು. ವಾದ್ಯ ಸಂಯೋಜನೆ ಎಲಿಸ್ ಅವರ ಗಂಡ ಸೆಸರ್ ಕಮಾರ್ಗು ಮರಿಯಾನು ಅವರದು. ಎಲೆಕ್ಟ್ರಿಕ್ ಪಿಯಾನೊ ಜೊಬಿಂಗೆ ಹಿಡಿಸಲಿಲ್ಲ, ಮೊದಮೊದಲು ಮನಸ್ತಾಪವೇ ಜಾಸ್ತಿ. ನನ್ನ ಕೇಳಿದರೆ ಸೆಸರ್ ಮಾಡಿದ್ದೇ ಸರಿ, ಆ ವಾದ್ಯಗಳು ದನಿಗೆ ಎಷ್ಟು ಜಾಗ ಬಿಟ್ಟಿವೆ ನೋಡಿ.

ತಂಬೂರಿಯವರೇ, ದಯವಿಟ್ಟು ನಿಲ್ಲಿಸಬೇಡಿ. ನೀವು ಬಿಡುವ ನಾಲ್ಕನೆಯದು ‘ಮೊಜಿನ್ಯ’. ಅಲ್ಲಿ ಎಲಿಸ್ ದನಿ ಹಿಂದೆ ತಂತಿವಾದ್ಯ. ಜೋರಾಗಿ ಹಾಡುವುದಕ್ಕೇ ಹೆಸರಾಗಿದ್ದವರು ಇಲ್ಲಿ ಎಷ್ಟು ತಡೆದು ಹಾಡಿದ್ದಾರೆ! ಹನ್ನೆರಡನೆಯದು ಅಗಲಿಕೆಯ ಹಾಡು, ಬ್ರೆಜಿಲ್ ಕವಿ ವಿನಿಸಿಯಸ್ ಜಿ ಮೊರಾಯಿಸ್ 1938ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಬರೆದ ಪದ್ಯ. ನಗು ಇದ್ದಕ್ಕಿದ್ದ ಹಾಗೆ ಅಳುವಾಯಿತು ಅಂತಲೇ ಅದು ಶುರುವಾಗುವುದು. ಮೊದಲ ಹಾಡಿನ ಆ ನಗು ಕೇಳಿ ಬಂದವರಿಗೆ ಅಲ್ಲಿ ಎದೆ ಹಿಂಡುತ್ತದೆ. ಹದಿಮೂರನೆಯದರಲ್ಲಿ ಮತ್ತೆ ಮಳೆ, ಈ ಸಲ ಗುಲಾಬಿ ಗಿಡದ ಮೇಲೆ. ಎಲಿಸ್ 1982ರ ಜನವರಿಯಲ್ಲಿ ತೀರಿಕೊಂಡಾಗ ಬರೀ 36 ವರ್ಷ. ಅದು ಗೊತ್ತಾದ ಮೇಲೆ ನನಗೆ ಆ ಹನ್ನೆರಡನೇ ಹಾಡು ಬೇರೆಯೇ ಆಗಿಬಿಟ್ಟಿತು.

ತಂಬೂರಿ:
ನಿನ್ನೆ ರಾತ್ರಿ ದೀಪ ಆರಿಸಿ ಹದಿನಾಲ್ಕೂ ಕೇಳಿದೆ. ಗುಲಾಬಿ ಹಾಡು ಬಂದಾಗ ಎದ್ದು ಕೂತೆ. ಸೆಸರ್ ವಿಷಯದಲ್ಲಿ ನಾನೂ ನಿಮ್ಮ ಕಡೆಯೇ. ಇವತ್ತು 1972ರದ್ದು ಹುಡುಕುತ್ತೇನೆ.