ಅಮ್ಮನಿಗೆ ಕ್ಯಾನ್ಸರ್ ಎಂದು ಹೇಳಬೇಡ ಎನ್ನುತ್ತಾರೆ ಅಪ್ಪ

ಪ್ರಶ್ನೆ: ಮೇಡಂ, ನಾವು ರಾಜಾಜಿನಗರದವರು. ಅಮ್ಮನಿಗೆ ಅಂಡಾಶಯದ ಕ್ಯಾನ್ಸರ್. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೀಮೋ ಶುರುವಾಗಿದೆ. "ಬರೀ ಗಡ್ಡೆ, ಕರಗಿಸಲು ಔಷಧ ಕೊಡುತ್ತಿದ್ದಾರೆ" ಎಂದು ಅಪ್ಪ ಹೇಳಿಬಿಟ್ಟಿದ್ದಾರೆ. ನಾವೂ ಹಾಗೆಯೇ ಹೇಳಬೇಕಂತೆ. ಅಮೆರಿಕದಲ್ಲಿರುವ ಅಣ್ಣ ದಿನಾ ಫೋನ್ ಮಾಡಿ ಹೊಸದೊಂದು ಚಿಕಿತ್ಸೆಯ ವಿಷಯ ತೆಗೆಯುತ್ತಾನೆ. ಯಾರ ಮಾತು ಕೇಳಲಿ?

ಉತ್ತರ (ಆಪ್ತಸಮಾಲೋಚಕಿ): ಕಿದ್ವಾಯಿಯಲ್ಲಿ ಸರದಿಗೆ ಕಾದು ಕುಳಿತವರಿಗೆ ಅದು ಯಾವ ಆಸ್ಪತ್ರೆ ಎಂದು ಗೊತ್ತಾಗದೆ ಇರುತ್ತದೆಯೇ? ಬಹಳಷ್ಟು ಮನೆಗಳಲ್ಲಿ ರೋಗಿಗೆ ತಿಳಿದೇ ಇರುತ್ತದೆ. ಗಂಡ ನೊಂದುಕೊಳ್ಳುತ್ತಾರೆಂದು ಹೆಂಡತಿ, ಹೆಂಡತಿ ಕುಗ್ಗುತ್ತಾಳೆಂದು ಗಂಡ, ಇಬ್ಬರೂ ಬಾಯಿ ಬಿಡುವುದಿಲ್ಲ.

ಹಾಗೆಂದು ನೀವು ಹೋಗಿ ಒಂದೇ ಉಸಿರಿಗೆ ಹೇಳಿಬಿಡಬೇಡಿ. ಮೊದಲು ಕೇಳಿ: "ಅಮ್ಮಾ, ಡಾಕ್ಟರು ಹೇಳಿದ್ದು ನಿನಗೆ ಹೇಗೆ ಅರ್ಥವಾಯಿತು? ಇನ್ನೂ ತಿಳಿದುಕೊಳ್ಳಬೇಕು ಅನ್ನಿಸುತ್ತದೆಯೇ?" "ನನಗೇಕೆ, ಅಪ್ಪನನ್ನೇ ಕೇಳು" ಎಂದರೆ ಅವರ ಇಷ್ಟ, ಒತ್ತಾಯ ಬೇಡ. ಕೆಲವು ದಿನ ಬಿಟ್ಟು ಮತ್ತೆ ಕೇಳಿ.

ಅಪ್ಪನೊಂದಿಗೆ ವಾದಕ್ಕಿಳಿಯಬೇಡಿ. ಅವರಿಗೆ ಯಾವುದರ ಭಯ ಎಂದು ಕೇಳಿ. ಹೆಚ್ಚಿನವರು "ಧೈರ್ಯಗೆಟ್ಟು ಊಟ ಬಿಟ್ಟುಬಿಡುತ್ತಾಳೆ" ಎನ್ನುತ್ತಾರೆ. ಆದರೆ ಮುಚ್ಚಿಡುವುದರಲ್ಲೂ ಅಪಾಯವಿದೆ ಎಂದು ತಿಳಿಸಿ. ಕೀಮೋ ಸಮಯದಲ್ಲಿ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೂ ತಕ್ಷಣ ಆಸ್ಪತ್ರೆಗೆ ಓಡಬೇಕು, ಸೋಂಕು ಬೇಗ ಏರುತ್ತದೆ. "ಬರೀ ಗಡ್ಡೆ" ಎಂದು ನಂಬಿದವರು ಮಾತ್ರೆ ನುಂಗಿ ಮಲಗಿಬಿಡುತ್ತಾರೆ.

ಅಣ್ಣನ ವಿಷಯ ಸುಲಭ. ಹತ್ತಿರವಿರಲಾಗದ ಮಗನ ಸಂಕಟ ಸಲಹೆಯ ವೇಷ ಹಾಕಿಕೊಂಡು ಬರುತ್ತದೆ, ಅಷ್ಟೇ. ಡಾಕ್ಟರೊಂದಿಗೆ ಮಾತನಾಡುವವರು ಮನೆಯಲ್ಲಿ ಒಬ್ಬರೇ ಇರಲಿ; ಅಣ್ಣನ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ, ಉತ್ತರವನ್ನು ಅಂದೇ ವಾಟ್ಸ್ಆಪ್‌ನಲ್ಲಿ ಕಳುಹಿಸಿ.

ಮರುಪ್ರಶ್ನೆ: "ನಾನು ಸಾಯುತ್ತೇನಾ?" ಎಂದು ಅಮ್ಮ ಕೇಳಿಬಿಟ್ಟರೆ?

ಉತ್ತರ: "ಬಿಡ್ತು ಅನ್ನು" ಎಂದು ಬಾಯಿ ಮುಚ್ಚಿಸಬೇಡಿ, ಅವರು ಇನ್ನೊಮ್ಮೆ ಕೇಳುವುದೇ ಇಲ್ಲ. "ಯಾಕಮ್ಮಾ, ಏನು ಯೋಚನೆ ಬಂತು?" ಎಂದು ಪಕ್ಕದಲ್ಲಿ ಕುಳಿತುಕೊಳ್ಳಿ. ಎಷ್ಟೋ ಸಲ ಆ ಪ್ರಶ್ನೆಯ ಹಿಂದೆ ನೋವಿನ ಭಯವೋ, ಮಗಳ ಮದುವೆಯ ಚಿಂತೆಯೋ ಇರುತ್ತದೆ. ನೋವಿಗೆ ಔಷಧವಿದೆ, ನೋವು-ಸಂಕಟ ತಗ್ಗಿಸುವ ಉಪಶಮನ ಚಿಕಿತ್ಸೆ ಕೊನೆಯ ದಿನಗಳಿಗೆ ಮಾತ್ರವಲ್ಲ. ಉಳಿದದ್ದಕ್ಕೆ "ಡಾಕ್ಟರನ್ನು ಇಬ್ಬರೂ ಸೇರಿ ಕೇಳೋಣ" ಎನ್ನಿ. ಅಪ್ಪನಿಗೆ ನಿದ್ದೆ ಬಾರದಿದ್ದರೆ ಟೆಲಿ ಮನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡುತ್ತಾರೆ, ಶುಲ್ಕವಿಲ್ಲ.